ಖಾಲಿ ಬಿಟ್ಟ ವಿಳಾಸ: ಲಿಂಕರ್ ಕುರಿತು ಒಂದು ಅಭ್ಯಾಸ ಪಾಠ

ಕಂಪೈಲರ್ ಒಂದು ಕಡತವನ್ನು ಅನುವಾದಿಸುವಾಗ, ಇನ್ನೊಂದು ಕಡತದ ಚರ ಯಾವ ವಿಳಾಸದಲ್ಲಿರುತ್ತದೆಂದು ಅದಕ್ಕೆ ತಿಳಿದಿರುವುದಿಲ್ಲ. ಜಾಗ ಖಾಲಿ ಬಿಟ್ಟು ‘ಇಲ್ಲಿ ತುಂಬಬೇಕು’ ಎಂಬ ಟಿಪ್ಪಣಿ ಇಡುತ್ತದೆ. ಇದೇ ರಿಲೊಕೇಶನ್; ತುಂಬುವುದು ಲಿಂಕರ್‌ನ ಕೆಲಸ.

ಪಿಯುಸಿ ತರಗತಿಗೆ ನಾನು 32 ಬಿಟ್‌ನ ರಿಸ್ಕ್-ಫೈವ್ ಪ್ರೊಸೆಸರನ್ನು ಉದಾಹರಣೆಯಾಗಿ ಆರಿಸಿಕೊಂಡೆ. ಇದರಲ್ಲಿ ವಿಳಾಸ ಎರಡು ಆದೇಶಗಳಲ್ಲಿ ಹಂಚಿಹೋಗುತ್ತದೆ: ‘ಎಲ್‌ಯುಐ’ಗೆ ಮೇಲಿನ 20 ಬಿಟ್, ‘ಎಡಿಡಿಐ’ಗೆ ಕೆಳಗಿನ 12 ಬಿಟ್.

7000 ಎಂಬ ವಿಳಾಸವನ್ನು 4096ರಿಂದ ಒಡೆಯಲು ಹೇಳಿದೆ. 1 × 4096 + 2904 ಎಂಬ ಉತ್ತರ ಬಂತು. ಅದನ್ನು ಅಳಿಸದೆ, ಪಕ್ಕದಲ್ಲಿ ‘ಎಡಿಡಿಐ’ಯ ಮಿತಿ ಬರೆದೆ: −2048ರಿಂದ 2047. 2904 ಇದರಲ್ಲಿ ಹಿಡಿಸದು. ಅದರ ಬಿಟ್‌ಗಳನ್ನೇ ತುಂಬಿದರೆ ಪ್ರೊಸೆಸರ್ −1192 ಎಂದು ಓದಿ, 7000ದ ಬದಲು 2904ಕ್ಕೆ ಹೋಗುತ್ತದೆ. ಆಗ ಒಬ್ಬ ವಿದ್ಯಾರ್ಥಿನಿ 2 × 4096 − 1192 ಎಂದು ಬರೆದಳು.

ಲಿಂಕರ್‌ನ ನಿಯಮವೂ ಇದೇ. ವಿಳಾಸಕ್ಕೆ 2048 ಕೂಡಿಸಿ 4096ರಿಂದ ಭಾಗಿಸಿದಾಗ ಬರುವ ಪೂರ್ಣಾಂಕ ಭಾಗಲಬ್ಧ ಮೇಲ್ಭಾಗಕ್ಕೆ. ಉಳಿದ ವ್ಯತ್ಯಾಸ ಕೆಳಭಾಗಕ್ಕೆ. ಮಕ್ಕಳ ಮೊದಲ ಉತ್ತರ ಹಲಗೆಯಲ್ಲೇ ಉಳಿದಿದ್ದರಿಂದ, 2048 ಏಕೆ ಎಂದು ನಾನು ಪ್ರತ್ಯೇಕವಾಗಿ ವಿವರಿಸಬೇಕಾಗಲಿಲ್ಲ.

ಮೌಲ್ಯಮಾಪನ: 10000ಕ್ಕೂ ಋಣ ಸಂಖ್ಯೆ ಬೇಕೆ? (ಬೇಡ; 2 × 4096 + 1808.)