ನಕ್ಷೆಯ ಗೆರೆ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಕೋಶವನ್ನು ಓದಿದವರೆಲ್ಲರೂ ದೇಶವನ್ನು ಸುತ್ತಿರುವುದಿಲ್ಲ. ದೇಶವನ್ನು ಸುತ್ತಿದವರೆಲ್ಲರೂ ಅದನ್ನು ಕಂಡಿರುವುದಿಲ್ಲ. ಬಂಗಾರಪೇಟೆಯಲ್ಲಿ ನೆಲೆಸಿದ್ದ ದಂಪತಿಗಳ ಮನೆಯೊಂದರಲ್ಲಿ ಈ ಎರಡು ಕೊರತೆಗಳೂ ಒಟ್ಟಿಗೇ ವಾಸವಾಗಿದ್ದವು.

ಪತ್ನಿ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳವನ್ನು ಬೋಧಿಸಿದವರು. ಗೋಡೆಯ ಮೇಲೆ ಭಾರತದ ನಕ್ಷೆಯನ್ನು ತೂಗುಹಾಕಿ, ಬೆತ್ತದ ತುದಿಯಿಂದ ಕರಾವಳಿಯ ಗೆರೆಯನ್ನು ತೋರಿಸುತ್ತ, ‘ನಮ್ಮ ದೇಶದ ಕರಾವಳಿಯ ಉದ್ದ ೭,೫೧೬ ಕಿಲೋಮೀಟರು’ ಎಂದು ವರ್ಷವರ್ಷವೂ ಹೇಳುತ್ತಿದ್ದರು. ಒಂದು ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, “ಟೀಚರ್, ಸಮುದ್ರದ ಸದ್ದು ಹೇಗಿರುತ್ತದೆ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಉಪಾಧ್ಯಾಯಿನಿ ಸಮುದ್ರವನ್ನು ಕಂಡವರಲ್ಲ. “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದುಬಿಟ್ಟರು. ಹುಡುಗಿ ಕುಳಿತಳು, ಪಾಠ ಮುಂದುವರಿಯಿತು. ಆದರೆ ಆ ಪ್ರಶ್ನೆ ಮಾತ್ರ ಇಪ್ಪತ್ತು ವರ್ಷಗಳಾದರೂ ಅವರ ಮನಸ್ಸಿನಲ್ಲಿ ಕುಳಿತುಕೊಳ್ಳದೆ ನಿಂತೇ ಇತ್ತು.

ಪತಿ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಬಂಗಾರಪೇಟೆಯಿಂದ ಮಾಲೂರು, ಕೃಷ್ಣರಾಜಪುರಗಳ ಮೇಲೆ ಬೆಂಗಳೂರಿಗೆ ಅವರು ಓಡಾಡಿದ್ದಕ್ಕೆ ಲೆಕ್ಕವಿಲ್ಲ. ಕೊನೆಯ ಡಬ್ಬಿಯಲ್ಲಿ ನಿಂತು, ಹಗಲು ಬಾವುಟವನ್ನೂ ರಾತ್ರಿ ದೀಪವನ್ನೂ ತೋರಿಸುತ್ತ, ಗಾಡಿಯ ಮೇಲೆಯೇ ಕಣ್ಣಿಟ್ಟಿದ್ದ ಅವರಿಗೆ ನಿಲ್ದಾಣದ ಆಚೆಗಿದ್ದ ಊರು ಹೇಗಿದೆಯೆಂದು ತಿಳಿದಿರಲಿಲ್ಲ.

ಇಬ್ಬರೂ ನಿವೃತ್ತರಾದ ಮೇಲೆ, ೨೦೨೫ರ ಬೇಸಿಗೆಯ ರಜೆಯಲ್ಲಿ, ಪ್ರವಾಸದ ಮಾತು ಬಂದಿತು. “ನನಗೆ ಕಡಲನ್ನು ನೋಡಬೇಕು” ಎಂದರು ಪತ್ನಿ. “ನನಗೆ ಬೆಂಗಳೂರನ್ನು ನೋಡಬೇಕು” ಎಂದರು ಪತಿ. ಹಲಸೂರಿನಲ್ಲಿ ಮಗಳ ಮನೆಯಿದ್ದಿತು. ಅಲ್ಲಿ ಮೂರು ದಿನ ತಂಗಿದ್ದು ಅನಂತರ ಕಾರಿನಲ್ಲಿ ಕರಾವಳಿಗೆ ಹೋಗುವುದೆಂದು ನಿಶ್ಚಯವಾಯಿತು.

ಮೊದಲ ದಿನ ಬೆಳಗ್ಗೆ ಅವರು ರೈಲಿನಿಂದ ಇಳಿದುದು ‘ಬೆಂಗಳೂರು ದಂಡು’ ನಿಲ್ದಾಣದಲ್ಲಿ. ದಂಡು ಎಂದರೆ ಸೈನ್ಯ. ಶ್ರೀರಂಗಪಟ್ಟಣದ ಹವೆ ಸೈನಿಕರ ಆರೋಗ್ಯಕ್ಕೆ ಒಗ್ಗದಿದ್ದುದರಿಂದ ಬ್ರಿಟಿಷರು ೧೮೦೯ರ ಸುಮಾರಿಗೆ ತಮ್ಮ ಪಡೆಯನ್ನು ಹಲಸೂರಿನ ಬಳಿಯ ಬಯಲಿನಲ್ಲಿ ನೆಲೆಗೊಳಿಸಿದರು. ಸೈನ್ಯದ ಬೆನ್ನಿಗೆ ದಿನಸಿ ಮಾರುವವರು, ಹೊಲಿಯುವವರು, ಗಾಡಿ ಹೊಡೆಯುವವರು, ಕಟ್ಟಡ ಕಟ್ಟುವವರು ಬಂದರು. ಅವರಲ್ಲಿ ಬಹುಮಂದಿ ಮದರಾಸಿನ ಸೀಮೆಯಿಂದ ಬಂದ ತಮಿಳರು. ೧೮೬೪ರ ಆಗಸ್ಟ್ ೧ರಂದು ಜೋಲಾರಪೇಟೆಯ ಕಡೆಯಿಂದ ಬಂದ ರೈಲುಮಾರ್ಗ ಮೊದಲು ತಲುಪಿದುದೂ ಈ ದಂಡು ಪ್ರದೇಶವನ್ನೇ.

೧೮೮೧ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗಲೂ ದಂಡು ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಹೀಗೆ ಒಂದೇ ಊರಿನಲ್ಲಿ ಎರಡು ಆಡಳಿತ, ಎರಡು ಪುರಸಭೆ. ನಡುವೆ ನಕ್ಷೆಯ ಮೇಲೊಂದು ಗೆರೆ. ೧೯೪೭ರಲ್ಲಿ ದಂಡು ಮೈಸೂರಿಗೆ ಮರಳಿತು. ೧೯೪೯ರಲ್ಲಿ ಎರಡೂ ಸೇರಿ ಒಂದೇ ನಗರಪಾಲಿಕೆಯಾಯಿತು. “ಆ ಗೆರೆ ಎಲ್ಲಿತ್ತು?” ಎಂದು ಪತ್ನಿ ನಿಲ್ದಾಣದ ಹೊರಗೆ ಹೂ ಮಾರುತ್ತಿದ್ದ ಮುದುಕಿಯನ್ನು ಕೇಳಿದರು. “ಯಾವ ಗೆರೆಯಮ್ಮ?” ಎಂದು ಆಕೆ ಮಲ್ಲಿಗೆಯನ್ನು ಮೊಳ ಹಾಕುತ್ತಲೇ ಮರುಪ್ರಶ್ನೆ ಹಾಕಿದಳು.

ಅಲ್ಲಿಂದ ಶಿವಾಜಿನಗರಕ್ಕೆ ಹೆಚ್ಚು ದೂರವಿಲ್ಲ. ೧೯೨೭ರಲ್ಲಿ ಕಟ್ಟಲಾದ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು, ತರಕಾರಿ, ಹೂವುಗಳ ರಾಶಿಗಳ ನಡುವೆ ಅವರು ನಿಧಾನವಾಗಿ ನಡೆದರು. ವ್ಯಾಪಾರಿ ತನ್ನ ಮಗನೊಡನೆ ಉರ್ದುವಿನಲ್ಲಿ ಮಾತನಾಡುವನು. ಪಕ್ಕದ ಅಂಗಡಿಯವನನ್ನು ತಮಿಳಿನಲ್ಲಿ ಕರೆಯುವನು. ಇವರನ್ನು ಕಂಡೊಡನೆ ಕನ್ನಡದಲ್ಲಿ ಬೆಲೆ ಹೇಳುವನು. ಸಮೀಪದ ಸಂತ ಮೇರಿ ಬೆಸಿಲಿಕಾದಲ್ಲಿ ಸೀರೆಯುಟ್ಟ ಮಾತೆಯ ಮುಂದೆ ಎಲ್ಲ ಮತದವರೂ ಮೊಂಬತ್ತಿ ಹಚ್ಚುತ್ತಿದ್ದರು. “ಈ ಊರಿನ ಬಾಗಿಲವರೆಗೆ ದಿನವೂ ಬರುತ್ತಿದ್ದೆ, ಒಳಗೆ ಇಷ್ಟು ಇದೆಯೆಂದು ಗೊತ್ತಿರಲಿಲ್ಲ” ಎಂದರು ಪತಿ.

ಎರಡನೆಯ ದಿನ ಹಲಸೂರಿಗೇ ಮೀಸಲಾಯಿತು. ಹಲಸಿನ ತೋಪಿನಿಂದ ಆ ಊರಿಗೆ ಹೆಸರು ಬಂದಿತೆಂದು ಹೇಳುತ್ತಾರೆ. ಪ್ರಾಚೀನವಾದ ಸೋಮೇಶ್ವರ ದೇವಾಲಯದಲ್ಲಿ ಕೈಲಾಸವನ್ನೆತ್ತುವ ರಾವಣನ ಶಿಲ್ಪವನ್ನು ನೋಡಿ, ಸಂಜೆ ಕೆರೆಯ ದಂಡೆಗೆ ಬಂದರು. ಕೆಂಪೇಗೌಡರ ಮನೆತನದವರ ಕಾಲದ ಕೆರೆ ಅದು. ಉಪಾಧ್ಯಾಯಿನಿಗೆ ಮರಳಿ ಪಾಠದ ಹುರುಪು ಬಂದಿತು. ಹಲಸೂರು ಕೆರೆಯ ಕೋಡಿಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಸೇರಿ ಕೊನೆಗೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. “ಹಾಗಾದರೆ ನಾವು ಈಗಲೇ ಕಡಲಿನ ದಾರಿಯಲ್ಲಿದ್ದೇವೆ” ಎಂದು ಪತಿ ನಕ್ಕರು. ಪತ್ನಿ ನಗಲಿಲ್ಲ. ಕೊಳಚೆಯ ನೀರು ಸೇರಿದ ಆ ಕೆರೆಯಲ್ಲಿ ೨೦೧೬ರ ಮಾರ್ಚಿನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ ಸುದ್ದಿ ಅವರ ನೆನಪಿನಲ್ಲಿದ್ದಿತು. ಮೇಲಿನ ಕೆರೆಗೆ ಹಾಕಿದ ವಿಷ ಕೆಳಗಿನ ಕೆರೆಗೆ ಹೋಗದೆ ಬಿಡುವುದೆ? ನಕ್ಷೆಯಲ್ಲಿ ಕೆರೆಗಳು ಬೇರೆ ಬೇರೆ ಚುಕ್ಕೆಗಳು. ನೀರಿಗೆ ಅವೆಲ್ಲವೂ ಒಂದೇ.

ಆ ರಾತ್ರಿ ಒಂಬತ್ತನೆಯ ತರಗತಿಗೆ ಹೋಗಲಿದ್ದ ಮೊಮ್ಮಗನಿಗೆ ಅಜ್ಜಿ ಕರಾವಳಿಯ ಉದ್ದವನ್ನು ಹೇಳಿದರು. “ಅಜ್ಜಿ, ಅದು ಹಳೆಯದು. ಈಗ ೧೧,೦೯೮ ಕಿಲೋಮೀಟರು” ಎಂದ ಹುಡುಗ. ಅಜ್ಜಿ ಬೆರಗಾದರು. ಸಮುದ್ರ ಬೆಳೆಯಿತೆ? ದೇಶ ಬೆಳೆಯಿತೆ? ಇಬ್ಬರೂ ಕುಳಿತು ಕಾರಣವನ್ನು ಹುಡುಕಿದರು. ೧೯೭೦ರ ದಶಕದ ಅಳತೆಯನ್ನು ಮಾಡಿದುದು ನಲವತ್ತೈದು ಲಕ್ಷಕ್ಕೆ ಒಂದರ ಪ್ರಮಾಣದ ಸ್ಥೂಲವಾದ ನಕ್ಷೆಯ ಮೇಲೆ. ಹೊಸ ಅಳತೆಯನ್ನು ಮಾಡಿದುದು ಎರಡೂವರೆ ಲಕ್ಷಕ್ಕೆ ಒಂದರ ಪ್ರಮಾಣದಲ್ಲಿ, ಬಹು ಸೂಕ್ಷ್ಮವಾಗಿ. ಆದರೂ ಹುಡುಗನಿಗೆ ವಿಷಯ ಸ್ಪಷ್ಟವಾಗಲಿಲ್ಲ.

ಆಗ ತಾತ ಅಡುಗೆಮನೆಯಲ್ಲಿದ್ದ ಹಲಸಿನ ಹಣ್ಣನ್ನೂ ಒಂದು ದಾರವನ್ನೂ ತಂದರು. ಮೊದಲು ದಾರವನ್ನು ಮುಳ್ಳುಗಳ ತುದಿಗಳ ಮೇಲೆಯೇ ಬಿಗಿದು ಹಣ್ಣನ್ನು ಸುತ್ತಿದರು. ಆಮೇಲೆ ಒಂದೊಂದು ಮುಳ್ಳಿನ ಸಂದಿಗೂ ದಾರವನ್ನು ಇಳಿಸಿ ಏರಿಸಿ ಸುತ್ತಿದರು. ಎರಡನೆಯ ಸಲ ದಾರ ಸಾಲದೆ ಬಂದಿತು. “ಹಣ್ಣು ಅದೇ, ನೋಡುವುದು ಹತ್ತಿರದಿಂದ ಆಯಿತು, ಅಷ್ಟೆ” ಎಂದರು ತಾತ. ಮೂವತ್ತು ವರ್ಷ ಭೂಗೋಳವನ್ನು ಬೋಧಿಸಿದ ಪತ್ನಿ ಪತಿಯ ಮುಖವನ್ನು ಮೆಚ್ಚುಗೆಯಿಂದ ನೋಡಿದರು.

ಮೂರನೆಯ ದಿನ ಅವರು ಮೆಟ್ರೋ ರೈಲಿನಲ್ಲಿ ಪೂರ್ವಕ್ಕೆ ಹೋದರು. ಬೆಂಗಳೂರಿನಲ್ಲಿ ಮೆಟ್ರೋ ೨೦೧೧ರ ಅಕ್ಟೋಬರಿನಲ್ಲಿ ಮೊದಲು ಓಡಿದುದು ಹಲಸೂರು, ಇಂದಿರಾನಗರಗಳ ಮೇಲೆ ಹಾಯುವ ಈ ದಾರಿಯಲ್ಲಿಯೇ. ಬಿನ್ನಮಂಗಲ, ದೊಮ್ಮಲೂರು, ತಿಪ್ಪಸಂದ್ರ ಮೊದಲಾದ ಹಳ್ಳಿಗಳ ನಡುವೆ ಎದ್ದ ಬಡಾವಣೆ ಇಂದಿರಾನಗರ. ಹಳ್ಳಿಗಳ ಹೊಲಗಳು ಹೋಗಿ ಹೆಸರುಗಳು ಮಾತ್ರ ಉಳಿದಿವೆ. ಕೃಷ್ಣರಾಜಪುರದಲ್ಲಿ ಇಳಿದು ಆಟೋರಿಕ್ಷಾ ಹತ್ತಿದರು. ಅಲ್ಲಿ ರೈಲು ಹಳಿಗಳ ಮೇಲೆ ೨೦೦೩ರಲ್ಲಿ ಸಿದ್ಧವಾದ ತೂಗುಸೇತುವೆಯಿದೆ. ವಾಹನಗಳ ದಟ್ಟಣೆಯಿಂದ ಆಟೋ ಸೇತುವೆಯ ನಡುವೆಯೇ ನಿಂತುಬಿಟ್ಟಿತು. ಚಾಲಕ ಬೇಸರಪಟ್ಟುಕೊಂಡ, ಆದರೆ ಪತಿಗೆ ಅದೇ ಅನುಕೂಲವಾಯಿತು. ವರ್ಷಗಟ್ಟಲೆ ಆ ಸೇತುವೆಯ ಕೆಳಗೆ ಹಾದುಹೋಗಿದ್ದವರು ಅಂದು ಮೊದಲ ಬಾರಿಗೆ ಮೇಲಿನಿಂದ ಇಣುಕಿದರು. ಗಾಡಿಯೊಂದು ಹೋಗುತ್ತಿದ್ದಿತು. ಕೊನೆಯ ಡಬ್ಬಿಯಲ್ಲಿ ಯುವಕನೊಬ್ಬ ಹಸಿರು ಬಾವುಟವನ್ನು ಹಿಡಿದು ನಿಂತಿದ್ದ. “ಪಾಪ, ಅವನಿಗೆ ಈ ಸೇತುವೆ ಕಾಣುವುದೇ ಇಲ್ಲ” ಎಂದರು.

ಮುಂದೆ ಹೆದ್ದಾರಿಯ ಬದಿಯಲ್ಲಿ ೭೫ ಎಂಬ ಸಂಖ್ಯೆಯ ಫಲಕವಿದ್ದಿತು. ಹಿಂದಿನವರು ಹಳೆಯ ಮದರಾಸು ರಸ್ತೆ ಎಂದು ಕರೆದ ದಾರಿಯೇ ಅದು. ಕೋಲಾರ, ಮುಳಬಾಗಿಲುಗಳ ಮೂಲಕ ವೆಲ್ಲೂರಿನ ಕಡೆಗೆ ಹೋಗುವ ಈ ಹೆದ್ದಾರಿಯ ಇನ್ನೊಂದು ತುದಿ ಹಾಸನ, ಸಕಲೇಶಪುರಗಳನ್ನು ದಾಟಿ ಮಂಗಳೂರಿನ ಸಮೀಪದ ಬಂಟ್ವಾಳದಲ್ಲಿದೆ. “ನಾಳೆ ನಾವು ಇದೇ ರಸ್ತೆಯ ಆ ತುದಿಗೆ ಹೋಗುತ್ತೇವೆ” ಎಂದರು ಪತ್ನಿ.

ಮರುದಿನ ನಸುಕಿನಲ್ಲಿ ಬಾಡಿಗೆಯ ಕಾರು ಹೊರಟಿತು. ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿದರು. ಹೇಮಾವತಿ ಕಾವೇರಿಯನ್ನು ಸೇರಿ ಪೂರ್ವದ ಕಡಲಿಗೆ ಹೋಗುವ ನದಿ. ಅಲ್ಲಿಂದ ಸ್ವಲ್ಪ ದೂರದಲ್ಲಿ ಶಿರಾಡಿ ಘಾಟಿಯ ಇಳಿಜಾರು ಆರಂಭವಾಯಿತು. ರಸ್ತೆಯ ಬದಿಯಲ್ಲಿ ಬೇಸಿಗೆಗೆ ಸೊರಗಿದ ಕೆಂಪುಹೊಳೆ ಹರಿಯುತ್ತಿದ್ದಿತು; ಅದು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರಿ ಪಶ್ಚಿಮದ ಕಡಲಿಗೆ ಹೋಗುವುದು. ಒಂದು ಬೆಟ್ಟದ ಈಚೆಗೆ ಬಿದ್ದ ಮಳೆಹನಿ ಒಂದು ಕಡಲಿಗೆ, ಆಚೆಗೆ ಬಿದ್ದ ಹನಿ ಇನ್ನೊಂದು ಕಡಲಿಗೆ! ‘ಜಲವಿಭಾಜಕ’ ಎಂಬ ಪದವನ್ನು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದಿದ್ದ ಪತ್ನಿ ಕಾರನ್ನು ನಿಲ್ಲಿಸಿ, ಇಳಿದು, ಆ ನೀರಿನಲ್ಲಿ ಕೈ ಅದ್ದಿದರು.

ಮಂಗಳೂರನ್ನು ತಲುಪಿದಾಗ ರಾತ್ರಿಯಾಗಿದ್ದಿತು. ಬೆಳಗ್ಗೆ ೬೬ನೆಯ ಸಂಖ್ಯೆಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರು. ತೆಂಗಿನ ತೋಟಗಳ ಮರೆಯಲ್ಲಿ ಕಡಲು ಕಾಣಲೊಲ್ಲದು. ಆದರೆ ಸೇತುವೆಗಳು ಒಂದರ ಹಿಂದೊಂದು ಬರುತ್ತಿದ್ದವು. ಮೂಲ್ಕಿಯ ಶಾಂಭವಿ, ಉದ್ಯಾವರದ ಹೊಳೆ, ಕಲ್ಯಾಣಪುರದ ಸ್ವರ್ಣಾ, ಸೀತಾ, ಕುಂದಾಪುರದ ಪಂಚಗಂಗಾವಳಿ. ಪ್ರತಿಯೊಂದು ಅಳಿವೆಯಲ್ಲಿಯೂ ಕಡಲು ನೆಲದೊಳಕ್ಕೆ ಕೈಚಾಚಿದ್ದಿತು. “ನೋಡಿದಿರಾ, ಇವೇ ಹಲಸಿನ ಮುಳ್ಳಿನ ಸಂದಿಗಳು” ಎಂದರು ಪತ್ನಿ.

ಮರವಂತೆಯಲ್ಲಿ ತೋಟಗಳ ತೆರೆ ಒಮ್ಮೆಲೇ ಸರಿಯಿತು. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಪತ್ನಿ ಮಾತನಾಡಲಿಲ್ಲ. ತಡೆಗಾಗಿ ಒಟ್ಟಿದ್ದ ದೊಡ್ಡ ದೊಡ್ಡ ಕಲ್ಲುಗಳ ಮೇಲೆ ಅಲೆಗಳು ಬಂದು ಒಡೆಯುತ್ತಿದ್ದವು. ಅಲ್ಲಿ ಮೀನಿನ ಬುಟ್ಟಿಯನ್ನು ಇಳಿಸಿ ಕುಳಿತಿದ್ದ ಹೆಂಗಸೊಬ್ಬಳು ಇವರನ್ನು ಮಾತನಾಡಿಸಿದಳು. ತಾನು ಸೊಸೆಯಾಗಿ ಬಂದಾಗ ಮನೆಯ ಮುಂದೆ ಎರಡು ಸಾಲು ತೆಂಗಿನ ಮರಗಳಿದ್ದುವೆಂದೂ, ಮಳೆಗಾಲಕ್ಕೊಂದಿಷ್ಟರಂತೆ ಅವನ್ನು ಕಡಲು ಕೊಂಡೊಯ್ದಿತೆಂದೂ, ಈಗ ಆಷಾಢದ ರಾತ್ರಿಗಳಲ್ಲಿ ಮನೆಯವರು ಯಾರೂ ನಿದ್ರಿಸುವುದಿಲ್ಲವೆಂದೂ ಹೇಳಿದಳು. “ಬೇರೆ ಕಡೆಗೆ ಹೋಗಬಾರದೇನಮ್ಮ?” ಎಂದು ಪತಿ ಕೇಳಿದರು. ಅನ್ನ ಕೊಡುವುದೂ ಅದೇ ಕಡಲಲ್ಲವೆ ಎಂದು ಆಕೆ ಬುಟ್ಟಿಯನ್ನು ತಲೆಗೇರಿಸಿಕೊಂಡು ನಡೆದಳು. ತಾನು ಬೆತ್ತದ ತುದಿಯಿಂದ ತೋರಿಸುತ್ತಿದ್ದ ಗೆರೆಯ ಮೇಲೆ ಹೀಗೆ ನಿದ್ರೆಯಿಲ್ಲದ ಮನೆಗಳಿದ್ದುವೆಂಬುದು ಉಪಾಧ್ಯಾಯಿನಿಗೆ ಅಂದೇ ತಿಳಿದುದು.

ಹೊತ್ತು ಮುಳುಗುವವರೆಗೂ ಅವರು ಅಲ್ಲಿಯೇ ಕುಳಿತರು. ಕತ್ತಲಾದ ಮೇಲೆ ಅಲೆಗಳು ಕಾಣದೆ ಸದ್ದು ಮಾತ್ರ ಉಳಿಯಿತು. ಪತ್ನಿ ಕಣ್ಣು ಮುಚ್ಚಿ ಆಲಿಸಿದರು. ಬಹಳ ಹೊತ್ತಿನ ಮೇಲೆ ಮೆಲ್ಲನೆ ಹೇಳಿದರು: “ನಡುರಾತ್ರಿಯಲ್ಲಿ ದೂರದಿಂದ ಗೂಡ್ಸ್ ಗಾಡಿ ಬರುತ್ತಿದ್ದ ಹಾಗಿದೆ. ಒಂದು ಹೋಯಿತೆನ್ನುವಷ್ಟರಲ್ಲಿ ಇನ್ನೊಂದು. ಅದನ್ನು ಕೇಳುತ್ತಲೇ ನಾನು ನಿಮ್ಮನ್ನು ಕಾಯುತ್ತಿದ್ದೆ. ಆ ಹುಡುಗಿಗೆ ಇಷ್ಟು ಹೇಳಬಹುದಾಗಿತ್ತು.” ಪತಿ ಏನೂ ಹೇಳದೆ ಆಕೆಯ ಕೈಯನ್ನು ಹಿಡಿದುಕೊಂಡರು.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಉಪಾಧ್ಯಾಯಿನಿ ತಮ್ಮ ಹಳೆಯ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಒಂದು ತರಗತಿಯನ್ನು ತೆಗೆದುಕೊಂಡರು. ಅದೇ ನಕ್ಷೆ ಗೋಡೆಯ ಮೇಲಿದ್ದಿತು. ಅವರು ಮೊದಲು ಸಮುದ್ರದ ಸದ್ದು ಹೇಗಿರುತ್ತದೆಂದು ಹೇಳಿದರು; ಅಳಿಸಿಹೋದ ದಂಡಿನ ಗೆರೆಯನ್ನೂ, ಒಳಕ್ಕೆ ಸರಿಯುತ್ತಿರುವ ಕಡಲಂಚನ್ನೂ ವಿವರಿಸಿದರು. ಕೊನೆಗೆ, “ಒಂದು ಕಾಲದಲ್ಲಿ ಈ ಕೋಣೆಯಲ್ಲಿ ಒಂದು ಒಳ್ಳೆಯ ಪ್ರಶ್ನೆಯನ್ನು ನಾನು ಕುಳ್ಳಿರಿಸಿಬಿಟ್ಟೆ. ಅದು ನನ್ನ ತಪ್ಪು. ನೀವು ಕೇಳುವುದನ್ನು ಬಿಡಬೇಡಿ” ಎಂದರು. ತರಗತಿ ನಿಶ್ಶಬ್ದವಾಯಿತು. ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ‘ದಂಡು’ ಎಂಬ ಪದದ ಅರ್ಥವೇನು?
೨. ಹಲಸೂರು ಕೆರೆಯ ನೀರು ಕೊನೆಗೆ ಯಾವ ಕಡಲನ್ನು ಸೇರುತ್ತದೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಭಾರತದ ಕರಾವಳಿಯ ಹೊಸ ಅಳತೆ ಹಳೆಯ ಅಳತೆಗಿಂತ ಏಕೆ ಹೆಚ್ಚಾಯಿತು?
೨. ಮರವಂತೆಯ ಹೆಂಗಸಿನ ಮಾತುಗಳಿಂದ ಉಪಾಧ್ಯಾಯಿನಿ ಕಲಿತುದೇನು?

ಇ) ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
೧. “ಯಾವ ಗೆರೆಯಮ್ಮ?”
೨. “ಪಾಪ, ಅವನಿಗೆ ಈ ಸೇತುವೆ ಕಾಣುವುದೇ ಇಲ್ಲ.”

ಈ) ನಿಮ್ಮ ಊರಿನ ಕೆರೆ ಅಥವಾ ಹೊಳೆಯ ನೀರು ಎಲ್ಲಿಗೆ ಹರಿದು ಹೋಗುತ್ತದೆಂಬುದನ್ನು ಹಿರಿಯರನ್ನು ಕೇಳಿ, ನಕ್ಷೆಯೊಡನೆ ಹೋಲಿಸಿ, ಒಂದು ಪುಟ ಬರೆಯಿರಿ.