ಪೇಟೆಂಟ್: ಮೊದಲು ಓದಿ, ಆಮೇಲೆ ಅರ್ಜಿ

"ಸಾರ್, ನಾನೊಂದು ಮಷೀನ್ ಮಾಡಿದ್ದೀನಿ. ಪೇಟೆಂಟ್ ಮಾಡಿಸೋಕೆ ಎಷ್ಟಾಗುತ್ತೆ?" ಬೆಂಗಳೂರಿನ ಲಿಂಗರಾಜಪುರದ ಲೇತ್ ಶೆಡ್ಡಿನವರಾಗಲಿ, ಕಮ್ಮನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಸರ್ಕ್ಯೂಟ್ ಜೋಡಿಸುವ ಎಂಜಿನಿಯರಿಂಗ್ ಹುಡುಗರಾಗಲಿ, ವಕೀಲರ ಮುಂದೆ ಕೂತಾಗ ಬಾಯಿಗೆ ಬರುವ ಮೊದಲ ಮಾತು ಇದೇ. ದುಡ್ಡಿನ ಪ್ರಶ್ನೆಗೆ ಉತ್ತರವಿದೆ, ಮುಂದೆ ಹೇಳುತ್ತೇನೆ. ಆದರೆ ಮೊದಲು ಕೇಳಬೇಕಾದದ್ದು ಬೇರೆ: ಇದನ್ನು ಬೇರೆ ಯಾರಾದರೂ ಈಗಾಗಲೇ ಮಾಡಿದ್ದಾರೆಯೇ?

ಪೇಟೆಂಟ್ ಎಂಬುದು ಪ್ರಶಸ್ತಿಯಲ್ಲ, ಸರ್ಕಾರದೊಡನೆ ಮಾಡಿಕೊಳ್ಳುವ ಕರಾರು. ನಿಮ್ಮ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಚಿತ್ರಸಮೇತ, ಗುಟ್ಟು ಬಿಟ್ಟುಕೊಟ್ಟು ಬರೆದುಕೊಡಬೇಕು. ಪ್ರತಿಯಾಗಿ, ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ ನಿಮ್ಮ ಒಪ್ಪಿಗೆಯಿಲ್ಲದೆ ಬೇರೆಯವರು ಅದನ್ನು ಮಾಡದಂತೆ, ಮಾರದಂತೆ, ಬಳಸದಂತೆ ತಡೆಯುವ ಹಕ್ಕು ನಿಮ್ಮದು. 1970ರ ಪೇಟೆಂಟ್ ಕಾಯ್ದೆಯ ತಿರುಳು ಇಷ್ಟೇ. ಈ ಕರಾರಿನಿಂದ ಜನಸಾಮಾನ್ಯರಿಗೊಂದು ಲಾಭವುಂಟು, ಅದನ್ನು ಬಳಸಿಕೊಳ್ಳುವವರು ಕಡಿಮೆ. ಬರೆದುಕೊಟ್ಟ ಗುಟ್ಟು ಸಾರ್ವಜನಿಕ ದಾಖಲೆ. ಸಾಮಾನ್ಯವಾಗಿ 18 ತಿಂಗಳು ಕಳೆದ ಮೇಲೆ ಅರ್ಜಿ ಪ್ರಕಟವಾಗುತ್ತದೆ. ಭಾರತೀಯ ಪೇಟೆಂಟ್ ಕಚೇರಿಯ 'ಇನ್‌ಪಾಸ್' ಹುಡುಕುತಾಣದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಸಿವಿಲ್ ಎಂಜಿನಿಯರ್ 1856ರಲ್ಲಿ ಪಂಖಾ ಎಳೆಯುವ ಯಂತ್ರಕ್ಕೆ ಹಾಕಿದ ಅರ್ಜಿಯಿಂದ ಈ ದೇಶದ ಪೇಟೆಂಟ್ ಲೆಕ್ಕ ಶುರುವಾಗುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಜಮೆಯಾದದ್ದು ದೊಡ್ಡ ತಾಂತ್ರಿಕ ಗ್ರಂಥಾಲಯವೇ ಸರಿ.

ಹುಡುಕುವುದು ಹೇಗೆಂದು ಗೊತ್ತಾಗದಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ. ಅಲ್ಲೊಂದು ಪೇಟೆಂಟ್ ಮಾಹಿತಿ ಕೇಂದ್ರ ನಡೆಯುತ್ತಿದೆ. ಏಜೆಂಟರಿಗೆ ಮುಂಗಡ ಕೊಡುವ ಮುಂಚೆ ಅಲ್ಲಿಗೊಮ್ಮೆ ಹೋಗಿ ಬನ್ನಿ.

ಹುಡುಕಾಟದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಒಂದು ಲೇತಿನ ಕಥೆ. ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಹಿತ್ತಾಳೆ, ಜರ್ಮನ್ ಸಿಲ್ವರ್ ಪಾತ್ರೆ ಮಾಡುತ್ತಿತ್ತು. ಪಾತ್ರೆಯನ್ನು ಲೇತಿಗೆ ಕಚ್ಚಿಸಿ ತಿರುಗಿಸುವಾಗ ಅದು ಸಡಿಲಾಗಿ ಹಾರುವ ಅಪಾಯ ಹಿಂದಿನಿಂದ ಇತ್ತು. ಚೂಪು ಮೊನೆಯ ಟೇಲ್‌ಸ್ಟಾಕ್ ಬದಲು ಒತ್ತಿಹಿಡಿಯುವ ಸ್ಪಿಂಡಲ್ ಮತ್ತು ಅಡಾಪ್ಟರ್ ಹಾಕಿದರೆ ಪಾತ್ರೆ ಗಟ್ಟಿಯಾಗಿ ನಿಲ್ಲುತ್ತದೆ, ಕೆಲಸ ಬೇಗ ಸಾಗುತ್ತದೆ, ಹೊಳಪೂ ಚೆನ್ನಾಗಿ ಬರುತ್ತದೆ. ಅದಕ್ಕೆ ಪೇಟೆಂಟೂ ಸಿಕ್ಕಿತು. ಅದೇ ಕಸುಬಿನ ಇನ್ನೊಬ್ಬರ ಮೇಲೆ ದಾವೆ ಹೂಡಿದಾಗ ಎದುರಾಳಿ ಕೇಳಿದ ಪ್ರಶ್ನೆ: ಇದರಲ್ಲಿ ಹೊಸದೇನಿದೆ? 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ, ಇದು ಆವಿಷ್ಕಾರವಲ್ಲ, ಕಾರ್ಯಾಗಾರದ ಸುಧಾರಣೆ ಅಷ್ಟೇ ಎಂದಿತು. ಪೇಟೆಂಟ್ ರದ್ದಾಯಿತು.

ಬಾಣಸವಾಡಿಯ ಅನುಭವಿ ಟರ್ನರ್ ಒಬ್ಬರಿಗೆ ನಿಮ್ಮ ಯಂತ್ರ ತೋರಿಸಿದರೆ "ಇಷ್ಟೇ ತಾನೇ, ನಾನೂ ಇದನ್ನೇ ಮಾಡ್ತಿದ್ದೆ" ಎನ್ನುವಂತಿದ್ದರೆ ಕಾಯ್ದೆಯೂ ಅದನ್ನೇ ಹೇಳುತ್ತದೆ. ಆವಿಷ್ಕಾರ ಹೊಸದಾಗಿರಬೇಕು, ಆ ಕಸುಬು ಬಲ್ಲವರಿಗೆ ಥಟ್ಟನೆ ಹೊಳೆಯುವಂಥದ್ದಾಗಿರಬಾರದು, ಕೈಗಾರಿಕೆಯಲ್ಲಿ ಬಳಸುವಂತಿರಬೇಕು. ಮೂರಕ್ಕೆ ಮೂರೂ ಬೇಕು. ಫ್ಯಾನು, ಲೈಟು, ರೇಡಿಯೋ ಒಂದೇ ಪೆಟ್ಟಿಗೆಗೆ ತುಂಬಿ ಒಂದೊಂದೂ ಅದರ ಪಾಡಿಗೆ ಕೆಲಸ ಮಾಡುತ್ತಿದ್ದರೆ ಅದು ಬರಿಯ ಜೋಡಣೆ. 3ನೇ ಸೆಕ್ಷನ್ ಅದನ್ನು ಹೊರಗಿಡುತ್ತದೆ. ಬೇಸಾಯದ ವಿಧಾನ, ವ್ಯಾಪಾರದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ, ಪಾರಂಪರಿಕ ಜ್ಞಾನ, ಇವೂ ಹೊರಗೆ. ಆ್ಯಪ್ ಒಂದನ್ನೇ ಹಿಡಿದುಕೊಂಡು ಪೇಟೆಂಟಿಗೆ ಓಡುವವರು ಈ ಸೆಕ್ಷನ್ನನ್ನು ಎರಡು ಸಲ ಓದಬೇಕು. ವಸ್ತುವಿನ ಹೊರರೂಪ ಮಾತ್ರ ಹೊಸದಾಗಿದ್ದರೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಸಾಕು, ಖರ್ಚೂ ಕಡಿಮೆ.

ಹೊಸದು ಎನ್ನುವುದು ಬಹಳ ಸುಲಭವಾಗಿ ಕೈತಪ್ಪುವುದು ನಮ್ಮ ಬಾಯಿಂದಲೇ. ಅರ್ಜಿಗೆ ಮುಂಚೆ ರೀಲ್ಸ್ ಹಾಕಿ, ವಾಟ್ಸ್‌ಆ್ಯಪ್ ಗುಂಪಿಗೆ ವಿಡಿಯೊ ಬಿಟ್ಟು, ನಾಲ್ಕು ಗಿರಾಕಿಗಳಿಗೆ ಮಾರಿ, ಆಮೇಲೆ ಪೇಟೆಂಟ್ ಕೇಳಿದರೆ ನಿಮ್ಮದೇ ವಿಡಿಯೊ ನಿಮ್ಮ ವಿರುದ್ಧ ಸಾಕ್ಷಿ. "ಮೇಳದಲ್ಲಿ ತೋರಿಸಿದ್ದೆ, ಅದಕ್ಕೆ ವಿನಾಯಿತಿ ಇದೆಯಂತೆ" ಎನ್ನುವವರಿದ್ದಾರೆ. ವಿನಾಯಿತಿ ಇರುವುದು ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಅದಕ್ಕೆಂದೇ ಅಧಿಸೂಚಿಸಿದ ಪ್ರದರ್ಶನಗಳಿಗೆ, ಅದೂ 12 ತಿಂಗಳೊಳಗೆ ಅರ್ಜಿ ಹಾಕಿದರೆ. ಊರ ಎಲ್ಲ ಮೇಳಗಳೂ ಆ ಪಟ್ಟಿಯಲ್ಲಿ ಬರುವುದಿಲ್ಲ. ಯಂತ್ರವನ್ನು ಸಾರ್ವಜನಿಕವಾಗಿ ಪರೀಕ್ಷಿಸಲೇಬೇಕಾದ ಸಂದರ್ಭಕ್ಕೂ ಒಂದು ವರ್ಷದ ರಿಯಾಯಿತಿ ಉಂಟು. ಅದನ್ನು ನೆಚ್ಚಿಕೊಂಡು ಕೂರಬೇಡಿ.

ಯಂತ್ರ ಪೂರ್ತಿ ಪಳಗಿಲ್ಲ, ಆದರೆ ದಿನಾಂಕ ಬೇಕು ಎಂದಾದರೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಬಹುದು. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಕರ್ನಾಟಕದ ಅರ್ಜಿಗಳು ಚೆನ್ನೈನ ಗಿಂಡಿಯಲ್ಲಿರುವ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಅಲ್ಲಿಗೆ ರೈಲು ಹತ್ತಬೇಕಿಲ್ಲ. ಸಲ್ಲಿಕೆ ಆನ್‌ಲೈನ್, ವಿಚಾರಣೆ ವಿಡಿಯೊ ಕಾನ್ಫರೆನ್ಸಿನಲ್ಲಿ. ಕಚೇರಿ ಅರ್ಜಿಯನ್ನು ತಿರಸ್ಕರಿಸಿದರೆ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ ಹೋಗುತ್ತದೆ ಎನ್ನುವುದು ಮಾತ್ರ ನಮ್ಮವರಿಗೆ ತಡವಾಗಿ ತಿಳಿಯುವ ಸಂಗತಿ. ಹಲಸೂರು ಕೆರೆಯ ಬಳಿ ತಿರುವಳ್ಳುವರ್, ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞ, 2009ರ ಆಗಸ್ಟಿನಲ್ಲಿ ಎರಡೂ ಪ್ರತಿಮೆಗಳ ಅನಾವರಣವಾಯಿತಲ್ಲ. ನಮ್ಮ ಸರ್ವಜ್ಞನಗರ ಕ್ಷೇತ್ರದ ಆವಿಷ್ಕಾರಗಳೂ ಸರ್ವಜ್ಞನಂತೆ ಚೆನ್ನೈ ದಾರಿ ಹಿಡಿಯುತ್ತವೆ ಅನ್ನಿ.

ಈಗ ದುಡ್ಡಿನ ಮಾತು. ವ್ಯಕ್ತಿಗಳು, ಸ್ಟಾರ್ಟ್‌ಅಪ್, ಸಣ್ಣ ಉದ್ದಿಮೆ, ಶಿಕ್ಷಣ ಸಂಸ್ಥೆಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ. 30 ಪುಟ, 10 ಕ್ಲೇಮ್ (ಹಕ್ಕುಕೋರಿಕೆ) ಮೀರಿದರೆ ಹೆಚ್ಚುವರಿ. ದೊಡ್ಡ ಕಂಪನಿಗಳಿಗೆ 8,000. ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಅದನ್ನು ಪರೀಕ್ಷಿಸುವುದಿಲ್ಲ, ಅದಕ್ಕೆ ಫಾರಂ 18ರಲ್ಲಿ ಬೇರೆಯಾಗಿ ಕೇಳಿಕೊಳ್ಳಬೇಕು. ವ್ಯಕ್ತಿಗಳಿಗೆ ಶುಲ್ಕ 4,000 ರೂಪಾಯಿ. 2024ರ ಮಾರ್ಚ್‌ನ ತಿದ್ದುಪಡಿಯ ನಂತರ ಹಾಕಿದ ಅರ್ಜಿಗಳಿಗೆ ಇದರ ಗಡುವು 48 ತಿಂಗಳಿಂದ 31 ತಿಂಗಳಿಗೆ ಇಳಿದಿದೆ. ಹಳೆಯ ಲೆಕ್ಕದಲ್ಲಿ ಕಾದು ಕೂತರೆ ಅರ್ಜಿ ಹಿಂತೆಗೆದುಕೊಂಡಂತೆ. ಸ್ಟಾರ್ಟ್‌ಅಪ್, ಸಣ್ಣ ಉದ್ದಿಮೆ, ಮಹಿಳಾ ಅರ್ಜಿದಾರರಿಗೆ ಫಾರಂ 18ಎ ಮೂಲಕ ತ್ವರಿತ ಪರೀಕ್ಷೆಯ ಅವಕಾಶವಿದೆ. ಪರೀಕ್ಷಕರ ಆಕ್ಷೇಪಣೆ ಬಂದರೆ ಉತ್ತರಿಸಲು ಆರು ತಿಂಗಳು, ಕೇಳಿಕೊಂಡರೆ ಇನ್ನೂ ಮೂರು.

ಸರ್ಕಾರಿ ಶುಲ್ಕಕ್ಕಿಂತ ಕರಡು ಬರೆಸುವ ಖರ್ಚು ದೊಡ್ಡದು, ಮತ್ತು ಅಲ್ಲಿ ಉಳಿಸಲು ಹೋಗುವುದು ಜಾಣತನವಲ್ಲ. ನಿಮ್ಮ ಹಕ್ಕು ನಿಲ್ಲುವುದು ಕೊನೆಯಲ್ಲಿರುವ ಕ್ಲೇಮುಗಳ ಮೇಲೆ. ಹೊಲದ ಚಕ್ಕುಬಂದಿ ಬರೆದಂತೆ ಅದು. ಚಕ್ಕುಬಂದಿ ತಪ್ಪಿದರೆ ಹೊಲ ಎಷ್ಟೇ ಚೆನ್ನಾಗಿದ್ದರೂ ಬೇಲಿ ಬೇರೆಯವರದು. ಕಾನೂನಿನ ಪ್ರಕಾರ ನೀವೇ ಅರ್ಜಿ ಹಾಕಿಕೊಳ್ಳಬಹುದು. ಏಜೆಂಟರನ್ನು ಹಿಡಿಯುವುದಾದರೆ ಅವರು ನೋಂದಾಯಿತರೇ ಎಂದು ಪೇಟೆಂಟ್ ಕಚೇರಿಯ ಪಟ್ಟಿಯಲ್ಲಿ ನೋಡಿ. ನೋಂದಣಿಯಿಲ್ಲದೆ ಈ ಕೆಲಸ ಮಾಡುವುದಕ್ಕೆ ದಂಡವಿದೆ. "ಒಂದು ತಿಂಗಳಲ್ಲಿ ಪೇಟೆಂಟ್" ಎನ್ನುವವರು ಕೊಡಿಸುವುದು ಹೆಚ್ಚಾಗಿ ವಿನ್ಯಾಸ ನೋಂದಣಿ, ಇಲ್ಲವೇ ಅರ್ಜಿ ಪ್ರಕಟವಾದ ಚೀಟಿ. ಪ್ರಕಟಣೆ ಬೇರೆ, ಮಂಜೂರಾತಿ ಬೇರೆ. ಕಾಲೇಜುಗಳ ಫ್ಲೆಕ್ಸುಗಳಲ್ಲಿ ಈ ಎರಡರ ನಡುವಣ ಗೆರೆ ಅಳಿಸಿಹೋಗಿರುವುದು ನೋಡಿದರೆ ನಗು ಬರುತ್ತದೆ. ಕೇಂದ್ರ ಸರ್ಕಾರ 2016ರಲ್ಲಿ ತಂದ ಯೋಜನೆಯೊಂದರಲ್ಲಿ ಸ್ಟಾರ್ಟ್‌ಅಪ್‌ಗಳ ಪರವಾಗಿ ಏಜೆಂಟರ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ಅರ್ಹತೆ ಇದ್ದವರು ವಿಚಾರಿಸಬೇಕು.

ಸಂಬಳಕ್ಕಿರುವವರ ಪ್ರಶ್ನೆ ಬೇರೆ. ಎಂ. ವಿಶ್ವೇಶ್ವರಯ್ಯನವರು ಬೊಂಬಾಯಿ ಸರ್ಕಾರದ ನೌಕರರಾಗಿದ್ದಾಗ ರೂಪಿಸಿ ಪೇಟೆಂಟ್ ಪಡೆದ ಸ್ವಯಂಚಾಲಿತ ತೂಬುಗೇಟುಗಳು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮೊದಲು ಕೂತವು. ನೌಕರಿಯಲ್ಲಿದ್ದುಕೊಂಡು ಕಂಡುಹಿಡಿದದ್ದು ಯಾರಿಗೆ ಸೇರಬೇಕು? ನಮ್ಮ ಕಾಯ್ದೆ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ಅರ್ಜಿ ಹಾಕುವ ಹಕ್ಕು ನಿಜವಾದ ಮೊದಲ ಆವಿಷ್ಕಾರಕರದ್ದು ಅಥವಾ ಅವರಿಂದ ಹಕ್ಕು ಬರೆಸಿಕೊಂಡವರದ್ದು. ಬರೆಸಿಕೊಂಡಿದ್ದಾರೋ ಇಲ್ಲವೋ ಎಂಬುದು ನಿಮ್ಮ ನೇಮಕಾತಿ ಪತ್ರದ ಒಳಪುಟಗಳಲ್ಲಿರುತ್ತದೆ. ಬಾಗ್ಮನೆಯಲ್ಲೋ ಮಾನ್ಯತಾ ಟೆಕ್ ಪಾರ್ಕಿನಲ್ಲೋ ಕೆಲಸ ಮಾಡುವವರು, ರಾತ್ರಿ ಮನೆಯಲ್ಲಿ ಕೂತು ಮಾಡಿದ ಸ್ವಂತ ಯಂತ್ರಕ್ಕೆ ಅರ್ಜಿ ಹಾಕುವ ಮುನ್ನ ಆ ಪುಟ ತೆಗೆದು ಓದಲೇಬೇಕು. ಹಕ್ಕು ಕಂಪನಿಗೇ ಹೋದರೂ ಪೇಟೆಂಟಿನಲ್ಲಿ ಆವಿಷ್ಕಾರಕರಾಗಿ ನಿಮ್ಮ ಹೆಸರು ಇರಬೇಕೆಂದು 28ನೇ ಸೆಕ್ಷನ್ನಿನಡಿ ಕೇಳಬಹುದು. ಮ್ಯಾನೇಜರ ಹೆಸರು ಮಾತ್ರ ಮೆರೆಯುವ ಕಡೆ ಇದು ಸಣ್ಣ ಹಕ್ಕೇನಲ್ಲ.

ಟೆಕ್ಕಿಗಳು ಎಡವುವ ಇನ್ನೊಂದು ಕಡೆ 39ನೇ ಸೆಕ್ಷನ್. ಭಾರತದಲ್ಲಿ ವಾಸವಾಗಿರುವವರು ನೇರವಾಗಿ ಅಮೆರಿಕದಲ್ಲಿ ಅರ್ಜಿ ಹಾಕುವಂತಿಲ್ಲ. ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಲಿಖಿತ ಅನುಮತಿ ಪಡೆಯಬೇಕು. ಉಲ್ಲಂಘಿಸಿದರೆ ಎರಡು ವರ್ಷದವರೆಗೆ ಸೆರೆವಾಸದ ಅವಕಾಶವೂ ಕಾಯ್ದೆಯಲ್ಲಿದೆ. ದೇಶದ ರಕ್ಷಣೆಗೆ ಸಂಬಂಧಪಟ್ಟದ್ದು ಹೊರಗೆ ಹೋಗದಿರಲಿ ಎಂಬುದು ಇದರ ಹಿಂದಿನ ಕಾಳಜಿ. ಕಂಟೋನ್ಮೆಂಟಿನವರಿಗೆ ಇದು ಬೇಗ ಅರ್ಥವಾಗಬೇಕು: ಮುಳ್ಳುತಂತಿ ಬೇಲಿಯನ್ನು ದೂರದಿಂದಲೇ ಸಿಡಿಸುವ 'ಬ್ಯಾಂಗಲೋರ್ ಟಾರ್ಪೆಡೊ'ವನ್ನು 1912ರಲ್ಲಿ ರೂಪಿಸಿದವರು ಇಲ್ಲಿಯ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್.

ಇಷ್ಟೂ ಪೇಟೆಂಟ್ ಬೇಕೆನ್ನುವವರ ಕಥೆ. ಸಣ್ಣ ಉದ್ದಿಮೆದಾರರಲ್ಲಿ ಬಹುಪಾಲು ಜನ ಪೇಟೆಂಟಿನ ಮುಖ ನೋಡುವುದೇ ವಕೀಲರ ನೋಟಿಸಿನಲ್ಲಿ: "ನಮ್ಮ ಪೇಟೆಂಟ್ ಉಲ್ಲಂಘಿಸಿದ್ದೀರಿ, ಏಳು ದಿನದಲ್ಲಿ ತಯಾರಿಕೆ ನಿಲ್ಲಿಸಿ". ಹೆದರಿ ಅಚ್ಚುಗಳನ್ನು ಗುಜರಿಗೆ ಹಾಕಬೇಡಿ, ನೋಟಿಸನ್ನು ಮೂಲೆಗೂ ಎಸೆಯಬೇಡಿ. ಅದರಲ್ಲಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಲಿಖಿತವಾಗಿ ಕೇಳಿ. ಇದ್ದರೆ ಇನ್‌ಪಾಸ್‌ನಲ್ಲಿ ತೆರೆದು ಮಂಜೂರಾಗಿದೆಯೇ, ನವೀಕರಣ ಶುಲ್ಕ ಕಟ್ಟಿದ್ದಾರೆಯೇ ಪರಿಶೀಲಿಸಿ. ಅರ್ಜಿ ಮಾತ್ರ ಪ್ರಕಟವಾಗಿದ್ದರೆ ಮಂಜೂರಾಗುವ ತನಕ ಅವರು ದಾವೆ ಹೂಡುವಂತಿಲ್ಲ. ಮಂಜೂರಾದ ಮೇಲೆ ಪ್ರಕಟಣೆಯ ದಿನದಿಂದ ಪರಿಹಾರ ಕೇಳಬಹುದು ಎನ್ನುವುದೂ ನೆನಪಿರಲಿ. ಮಂಜೂರಾಗಿದ್ದರೆ ಕ್ಲೇಮನ್ನು ಒಂದೊಂದು ಭಾಗವಾಗಿ ಒಡೆದು ನಿಮ್ಮ ಯಂತ್ರದ ಪಕ್ಕದಲ್ಲಿಟ್ಟು ಹೋಲಿಸಿ. ಅವರ ಅರ್ಜಿಗಿಂತ ಮುಂಚೆಯೇ ನೀವು ಅದನ್ನು ಮಾರಿದ ಬಿಲ್ಲು, ಡೆಲಿವರಿ ಚಲನ್, ಹಳೆಯ ಡ್ರಾಯಿಂಗ್ ಇದ್ದರೆ ಅವರ ಪೇಟೆಂಟನ್ನೇ ಉರುಳಿಸುವ ಆಧಾರ ಅದು. ಮಿರ್ಜಾಪುರದ ಎದುರಾಳಿ ಗೆದ್ದದ್ದೂ ಪೇಟೆಂಟಿನ ಸಿಂಧುತ್ವವನ್ನೇ ಪ್ರಶ್ನಿಸಿ. ಹಾಗೆ ಪ್ರತಿಹಕ್ಕು ಮಂಡಿಸಿದರೆ ದಾವೆ ಜಿಲ್ಲಾ ಮಟ್ಟದ ನ್ಯಾಯಾಲಯದಿಂದ ಹೈಕೋರ್ಟಿಗೆ ವರ್ಗವಾಗುತ್ತದೆ.

ಸುಮ್ಮನೆ ಬೆದರಿಸುವವರಿಗೆ 106ನೇ ಸೆಕ್ಷನ್ ಇದೆ. ಬೆದರಿಕೆಗೆ ಆಧಾರವಿಲ್ಲವೆಂದು ಘೋಷಿಸಿ, ತಡೆಯಾಜ್ಞೆ ಮತ್ತು ಪರಿಹಾರ ಕೊಡಿ ಎಂದು ನೀವೇ ಕೋರ್ಟಿಗೆ ಹೋಗಬಹುದು. 2007ರಲ್ಲಿ ಒಂದೇ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ಗಿನ ಬಜಾಜ್ ಪೇಟೆಂಟಿನ ಸುತ್ತ ಜಗಳ ಎದ್ದಾಗ ಟಿವಿಎಸ್ ಮದ್ರಾಸ್ ಹೈಕೋರ್ಟಿಗೆ ಹೋದದ್ದು ಇದನ್ನೇ ಹಿಡಿದು. ಬಜಾಜ್ ಉಲ್ಲಂಘನೆಯ ದಾವೆ ಹೂಡಿತು. ಟಿವಿಎಸ್‌ನ 'ಫ್ಲೇಮ್' ಬೈಕಿಗೆ ತಡೆ ಬಂತು, ಮೇಲ್ಮನವಿಯಲ್ಲಿ ಹೋಯಿತು. 2009ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ದಾವೆಗಳನ್ನು ದಿನದಿನವೂ ನಡೆಸಿ ಸಾಮಾನ್ಯವಾಗಿ ನಾಲ್ಕು ತಿಂಗಳಲ್ಲಿ ಮುಗಿಸಬೇಕೆಂದಿತು. ಎರಡೂ ಕಂಪನಿಗಳು ರಾಜಿಯಾದದ್ದು 2019ರಲ್ಲಿ! ಅಷ್ಟು ವರ್ಷ ಕಾದಾಡುವ ತ್ರಾಣ ಶೆಡ್ಡಿನವರಿಗೆಲ್ಲಿ? ಆದ್ದರಿಂದ ನೋಟಿಸಿನ ಹಂತದಲ್ಲೇ ಕ್ಲೇಮ್ ಓದಿ, ಬೇಕಾದರೆ ಒಂದು ಭಾಗ ಬದಲಿಸಿ, ಅಥವಾ ಪರವಾನಗಿಗೆ ಮಾತಾಡಿ ಮುಗಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ತುರ್ತು ತಡೆಯಾಜ್ಞೆ ಕೇಳದ ವಾಣಿಜ್ಯ ದಾವೆಗೆ ಮುಂಚೆ ಮಧ್ಯಸ್ಥಿಕೆ ಹೇಗೂ ಕಡ್ಡಾಯ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ; ಸಹಾಯವಾಣಿ 15100.

ಪೆಟ್ಟಿಗೆಯ ಮೇಲೆ ಸಂಖ್ಯೆಯಿಲ್ಲದೆ 'ಪೇಟೆಂಟೆಡ್' ಎಂದಷ್ಟೇ ಅಚ್ಚು ಹಾಕಿದ್ದರೆ, ಅದನ್ನು ಕಂಡ ಮಾತ್ರಕ್ಕೆ ನಿಮಗೆ ಪೇಟೆಂಟಿನ ಅರಿವಿತ್ತೆಂದು ಕಾನೂನು ಭಾವಿಸುವುದಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ, ಗೊತ್ತಾಗುವ ಕಾರಣವೂ ಇರಲಿಲ್ಲ ಎಂದು ರುಜುವಾತು ಮಾಡಿದವರಿಂದ ನಷ್ಟ ಪರಿಹಾರ ವಸೂಲು ಮಾಡುವಂತಿಲ್ಲ. ತಡೆಯಾಜ್ಞೆ ಮಾತ್ರ ಬರಬಹುದು. ಸುಳ್ಳಾಗಿ ಹಾಗೆ ಅಚ್ಚು ಹಾಕಿದವರಿಗೆ ದಂಡ ಈಗ ಹತ್ತು ಲಕ್ಷ ರೂಪಾಯಿವರೆಗೆ. ಗಿರಾಕಿಗಳು ತಿಳಿಯಬೇಕಾದದ್ದು ಇಷ್ಟು: ಪೇಟೆಂಟ್ ಇದೆಯೆಂದರೆ ವಸ್ತು ಹೊಸದು ಎಂದರ್ಥ, ಒಳ್ಳೆಯದು ಎಂದಲ್ಲ. ಗುಣಮಟ್ಟಕ್ಕೆ ಐಎಸ್‌ಐ ಗುರುತು ನೋಡಬೇಕು.

ಪೇಟೆಂಟ್ ಉಳಿಸಿಕೊಳ್ಳಲು ಮೂರನೇ ವರ್ಷದಿಂದ ನವೀಕರಣ ಶುಲ್ಕ ಕಟ್ಟುತ್ತಿರಬೇಕು. ವ್ಯಕ್ತಿಗಳಿಗೆ ಮೊದಲ ಹಂತದಲ್ಲಿ ವರ್ಷಕ್ಕೆ 800 ರೂಪಾಯಿ, ಕೊನೆಯ ಹಂತದಲ್ಲಿ 8,000. ಗಡುವು ಮೀರಿದರೆ ದಂಡದೊಂದಿಗೆ ಆರು ತಿಂಗಳು, ಅದೂ ಮೀರಿ ಪೇಟೆಂಟ್ ರದ್ದಾದರೆ ಮರುಸ್ಥಾಪನೆಗೆ ಅರ್ಜಿ ಹಾಕಲು 18 ತಿಂಗಳು. ಶುಲ್ಕ ಕಟ್ಟದೆ ಬಿಟ್ಟ ಅಥವಾ 20 ವರ್ಷ ತುಂಬಿದ ಪೇಟೆಂಟುಗಳ ಯಂತ್ರಗಳು ಚಿತ್ರ, ಅಳತೆ, ವಿವರಣೆ ಸಮೇತ ಅದೇ ಇನ್‌ಪಾಸ್‌ನಲ್ಲಿ ಬಿದ್ದಿವೆ; ಬೇರೆ ಪೇಟೆಂಟ್ ಅಡ್ಡ ಬರುವುದಿಲ್ಲವೆಂದು ನೋಡಿಕೊಂಡು ಅವನ್ನು ಯಾರು ಬೇಕಾದರೂ ಮಾಡಬಹುದು, ಮಾರಬಹುದು.