ಟವರ್ ಕಂಡಿತೆಂದು ದುಡ್ಡು ಕಟ್ಟಬೇಡಿ

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಸರಾಗವಾಗಿ ಓಡುವ ನೆಟ್ ಹಂಗಳ ದಾಟಿ ಬಂಡೀಪುರದ ಕಡೆ ಹೊರಟರೆ ಸುಸ್ತಾಗಬಹುದು. ಹಾಗಾಗಿ ಮನೆಗೆ ಏರ್‌ಫೈಬರ್ (ವೈರ್‌ಲೆಸ್ ಇಂಟರ್ನೆಟ್) ಹಾಕಿಸುವ ಮುನ್ನ ಅಂಗಡಿಯವರ ಭರವಸೆಯನ್ನೂ ಚಾಮರಾಜನಗರದ ಭಾವಮೈದುನನ ಹೊಗಳಿಕೆಯನ್ನೂ ಪಕ್ಕಕ್ಕಿಡಿ. ನಿಮ್ಮ ಜಗಲಿಯಲ್ಲಿ ಸಿಗ್ನಲ್ ಹೇಗಿದೆ ಅನ್ನುವುದಷ್ಟೇ ಲೆಕ್ಕ.

ಏರ್‌ಫೈಬರ್‌ನಲ್ಲಿ ಮನೆಗೆ ಕೇಬಲ್ ಬರುವುದಿಲ್ಲ. ತಾರಸಿ ಮೇಲಿನ ಪೆಟ್ಟಿಗೆ ಟವರಿನಿಂದಲೇ ಸಿಗ್ನಲ್ ಹಿಡಿಯುತ್ತದೆ. ನಡುವೆ ಗುಡ್ಡವೋ ದಟ್ಟ ತೆಂಗಿನ ತೋಟವೋ ಇದ್ದರೆ ವೇಗ ಕುಸಿಯುತ್ತದೆ. ನೆಂಟರಿಷ್ಟರ ಬಳಿ ಇರುವ ಬೇರೆ ಬೇರೆ ಕಂಪನಿಗಳ ಸಿಮ್ ತಂದು, ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ಪರೀಕ್ಷಿಸಿ. ಬೆಳಗಿನ ಜಾವ ಬೇಡ, ರಾತ್ರಿ ಎಂಟರ ಮೇಲೆ ನೋಡಿ. ಊರೆಲ್ಲ ಮೊಬೈಲ್ ಹಿಡಿದು ಕೂತಾಗಲೇ ಟವರಿನ ಯೋಗ್ಯತೆ ತಿಳಿಯುವುದು. ಮಕ್ಕಳಿಗೆ ಆನ್‌ಲೈನ್ ಪಾಠವಿದ್ದರೆ ಅಪ್‌ಲೋಡ್ ವೇಗವನ್ನೂ ಗಮನಿಸಿ. ಇನ್ನು 2023ರಿಂದ ಸರ್ಕಾರದ ಲೆಕ್ಕದಲ್ಲಿ ಡೌನ್‌ಲೋಡ್ ವೇಗ 2 ಎಂಬಿಪಿಎಸ್ ಇದ್ದರೂ ಬ್ರಾಡ್‌ಬ್ಯಾಂಡೇ! ಅಷ್ಟರಲ್ಲಿ ಇಡೀ ಮನೆಯವರು ಬಳಸುವುದು ಕಷ್ಟ.

2024ರ ಟ್ರಾಯ್ ನಿಯಮದಂತೆ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ನೋಡಿ, ಆದರೆ ಅದನ್ನೇ ಪೂರ್ತಿ ನಂಬಬೇಡಿ.

ಕರೆಂಟ್ ಹೋದಾಗ ಆ ಟವರ್ ಎಷ್ಟು ಹೊತ್ತು ಬದುಕಿರುತ್ತದೆಂದು ಅಕ್ಕಪಕ್ಕದವರನ್ನು ಕೇಳಿ. ರೂಟರಿಗೊಂದು ಸಣ್ಣ ಯುಪಿಎಸ್ ಇದ್ದರೂ, ಟವರ್ ಮಲಗಿದರೆ ಅದು ದಂಡ. ಗ್ರಾಮ ಪಂಚಾಯಿತಿವರೆಗೆ ಸರ್ಕಾರದ ಭಾರತ್‌ನೆಟ್ ಕೇಬಲ್ ಬಂದಿದ್ದರೆ, ಮೊದಲು ಬಿಎಸ್‌ಎನ್‌ಎಲ್ ಕಚೇರಿಯಲ್ಲಿ ಮನೆಗೆ ಫೈಬರ್ ಸಿಗುತ್ತದೆಯೇ ಎಂದು ವಿಚಾರಿಸಿ. ನನ್ನ ಮತ ಅದಕ್ಕೇ. ಸಿಗದಿದ್ದರೆ ಮಾತ್ರ ವೈರ್‌ಲೆಸ್. ಅದಕ್ಕೂ ರಿಯಾಯಿತಿಯ ಆಸೆಗೆ ವರ್ಷದ ಹಣ ಒಟ್ಟಿಗೆ ಕಟ್ಟದೆ, ಮೊದಲು ಒಂದು ತಿಂಗಳ ಪ್ಲಾನ್ ಹಾಕಿಸಿ. ಅದೂ ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು.